ಗ್ಯಾರೇಜಿನ ಗೆಳೆಯರಿಗೆ, ಹ್ಯಾಂಗರಿನಿಂದ

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದಿಂದ ಹಿಡಿದು ಹಾಸನ, ದಾವಣಗೆರೆ, ಹುಬ್ಬಳ್ಳಿಯ ಹೈವೇ ಬದಿಯವರೆಗೆ ಗಾಡಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡುವ ಮೆಕ್ಯಾನಿಕ್ ಗೆಳೆಯರಿಗೆ, ಟಿಂಕರಿಂಗ್, ಪೇಂಟಿಂಗಿನವರಿಗೆ, ಹೆಲ್ಪರ್ ಹುಡುಗರಿಗೆ, ಅವರನ್ನೆಲ್ಲ ತಿದ್ದಿ ತೀಡುವ ಮೇಸ್ತ್ರಿಗಳಿಗೆ ಈ ಪತ್ರ.

"ಅಣ್ಣಾ, ನೀವೂ ಮೊದ್ಲು ಗ್ಯಾರೇಜಲ್ಲೇ ಇದ್ರಂತೆ, ಈಗ ವಿಮಾನದ ಕೆಲಸ ಮಾಡ್ತೀರಂತೆ. ನಮ್ಗೂ ಆಗುತ್ತಾ?" ಈ ಪ್ರಶ್ನೆ ಹೊತ್ತ ಫೋನುಗಳು ಈಚೆಗೆ ಹೆಚ್ಚಾಗಿವೆ. ಕಾರಣ ಕೇಳಬೇಕಾಗಿಲ್ಲ. ಹೊಸ ಗಾಡಿಗಳು ವಾರಂಟಿ ಮುಗಿಯುವ ತನಕ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಆಚೆ ಬರುವುದಿಲ್ಲ. ಬಂದವುಗಳ ಬಾನೆಟ್ ಎತ್ತಿದರೆ ಸ್ಕ್ಯಾನರ್ ಇಲ್ಲದೆ ಏನೂ ತಿಳಿಯುವುದಿಲ್ಲ. ಎಲೆಕ್ಟ್ರಿಕ್ ಗಾಡಿಗೆ ಎಂಜಿನ್ ಆಯಿಲೂ ಇಲ್ಲ, ಟಪೆಟ್ಟೂ ಇಲ್ಲ, ಕ್ಲಚ್ ಪ್ಲೇಟೂ ಇಲ್ಲ. ಅತ್ತ ದೇವನಹಳ್ಳಿಯ ಕಡೆ ಹೋದರೆ ವಿಮಾನ ದುರಸ್ತಿಯ ಹ್ಯಾಂಗರುಗಳು ಕಾಣುತ್ತವೆ. ಮನಸ್ಸು ಆ ಕಡೆ ವಾಲುವುದು ಸಹಜ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಆಗುತ್ತದೆ. ಆದರೆ 'ನನಗೆ ಎಂಜಿನ್ ಗೊತ್ತು' ಅನ್ನುವ ಒಂದೇ ಬಲದ ಮೇಲೆ ಹೊರಟರೆ ಅರ್ಧ ದಾರಿಯಲ್ಲಿ ನಿಲ್ಲುತ್ತೀರಿ.

ಮೊದಲು, ನೀವು ಹೊರಗಿನವರಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ. ರೈಟ್ ಸಹೋದರರು 1903ರಲ್ಲಿ ಹಾರಿಸಿದ ವಿಮಾನದ ಎಂಜಿನ್ ಕಟ್ಟಿದವರು ಅವರ ಸೈಕಲ್ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್. ನಾಲ್ಕು ಸಿಲಿಂಡರು, ಸುಮಾರು 12 ಅಶ್ವಶಕ್ತಿ. ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ಕೈ ಉಪಕರಣಗಳು, ಆರು ವಾರ. ನಮ್ಮಲ್ಲೂ ಅಷ್ಟೆ. 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದ ವಾಲ್‌ಚಂದ್ ಹೀರಾಚಂದ್, ಮುಂದೆ ಪದ್ಮಿನಿ ಕಾರು ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದವರೂ ಹೌದು. ಆ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಪದ್ಮಿನಿಯ ಗೇರ್‌ಬಾಕ್ಸ್ ಇಳಿಸಿದ ಹಿರಿಯರು ನಿಮ್ಮಲ್ಲಿ ಇನ್ನೂ ಇದ್ದೀರಿ.

ನಿಮ್ಮ ಕೈಯಲ್ಲಿರುವ ವಿದ್ಯೆಯಲ್ಲಿ ಎಷ್ಟು ಪಾಲು ಇಲ್ಲಿ ನಡೆಯುತ್ತದೆ? ಸಾಕಷ್ಟು. ಕಣ್ಣಿಗೆ ಕಾಣದ ಮೂಲೆಯಲ್ಲಿ ಬೆರಳ ತುದಿಯಿಂದಲೇ ನಟ್ಟು ಕೂರಿಸುವುದು, ಮೊದಲ ಸುತ್ತಿನಲ್ಲೇ ಥ್ರೆಡ್ ಅಡ್ಡ ಹತ್ತಿತು ಅಂತ ತಿಳಿಯುವುದು, ಬೇರಿಂಗ್ ಹೋಗುವ ಮುಂಚೆ ಅದರ ಸದ್ದು ಹಿಡಿಯುವುದು ಕಾಲೇಜಿನಿಂದ ನೇರವಾಗಿ ಬಂದ ಹುಡುಗನಿಗೆ ವರ್ಷಗಟ್ಟಲೆ ಬರುವುದಿಲ್ಲ. ಎಣ್ಣೆಯ ಬಣ್ಣ ನೋಡಿ, ಫಿಲ್ಟರಿನಲ್ಲಿ ಸಿಕ್ಕ ಲೋಹದ ಚೂರು ನೋಡಿ ಎಂಜಿನ್ನಿನ ಹೊಟ್ಟೆಯೊಳಗೆ ಏನಾಗಿದೆ ಎಂದು ಊಹಿಸುವವರು ನೀವು. ಇಲ್ಲೂ ಅದೇ ಕೆಲಸ ಇದೆ, ಚೂರನ್ನು ಲ್ಯಾಬಿಗೂ ಕಳಿಸುತ್ತಾರೆ. ಜಕ್ಕೂರಿನಂಥ ತರಬೇತಿ ಮೈದಾನಗಳಲ್ಲಿ ಹಾರುವ ಹಳೆಯ ಸೆಸ್ನಾ 172ರ ಕೌಲಿಂಗ್ ತೆಗೆದರೆ ಹಳೆಯ ಪರಿಚಯಸ್ಥರು ಸಿಕ್ಕ ಹಾಗೆ ಅನ್ನಿಸುತ್ತದೆ. ಗಾಳಿಯಿಂದಲೇ ತಣಿಯುವ, ಎದುರುಬದುರು ಮಲಗಿದ ನಾಲ್ಕು ಸಿಲಿಂಡರು, ಕಾರ್ಬುರೇಟರ್, ಮ್ಯಾಗ್ನೆಟೊ. ಒಂದೇ ವ್ಯತ್ಯಾಸ, ಪ್ರತಿ ಸಿಲಿಂಡರಿಗೆ ಎರಡು ಪ್ಲಗ್ಗು, ಎಂಜಿನ್ನಿಗೆ ಎರಡು ಮ್ಯಾಗ್ನೆಟೊ. ಒಂದು ಸತ್ತರೆ ಇನ್ನೊಂದು ಮನೆಗೆ ಮುಟ್ಟಿಸಬೇಕು.

ಟಿಂಕರಿಂಗಿನವರೇ, ನಿಮ್ಮ ಕೆಲಸಕ್ಕೂ ಇಲ್ಲಿ ಜಾಗವಿದೆ. ಆದರೆ ಸುತ್ತಿಗೆಯಿಂದ ತಟ್ಟಿ, ಪುಟ್ಟಿ ಬಳಿದು ಮುಚ್ಚುವ ಹಾಗಿಲ್ಲ. ವಿಮಾನದ ಮೈಮೇಲೆ ಒಂದು ಗುಳಿ ಬಿದ್ದರೆ ಅದರ ಆಳ, ಅಗಲ, ಹತ್ತಿರದ ರಿವೆಟ್ ಸಾಲಿನಿಂದ ಅದು ಎಷ್ಟು ದೂರ ಎಂದು ಅಳೆದು, ಆ ಜಾಗಕ್ಕೆ ಎಷ್ಟರ ತನಕ ಸಲ್ಲುತ್ತದೆ ಎಂದು ರಚನಾ ದುರಸ್ತಿ ಕೈಪಿಡಿಯಲ್ಲಿ ನೋಡಬೇಕು. ಕೆಲವು ಜಾತಿಯ ಗಟ್ಟಿ ಅಲ್ಯೂಮಿನಿಯಂ ರಿವೆಟ್ಟುಗಳನ್ನು ಹದ ಕಾಯಿಸಿದ ಮೇಲೆ ಫ್ರೀಜರಿನಲ್ಲಿ ಇಟ್ಟಿರುತ್ತಾರೆ. ಹೊರಗೆ ತೆಗೆದರೆ ಗಟ್ಟಿಯಾಗತೊಡಗುತ್ತವೆ, ಅಷ್ಟರೊಳಗೆ ಹೊಡೆದು ಮುಗಿಸಬೇಕು. ಐಸ್‌ಕ್ರೀಮ್ ಇಡುವ ಪೆಟ್ಟಿಗೆಯಲ್ಲಿ ರಿವೆಟ್ ನೋಡಿ ನಾನು ಮೊದಲ ಸಲ ನಕ್ಕಿದ್ದೆ.

ಈಗ ನಿಜವಾದ ಕಷ್ಟದ ವಿಷಯ. ಗ್ಯಾರೇಜಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಅಂದರೆ ಯಾರು? ಪಾರ್ಟ್ ಸಿಗದಿದ್ದರೂ ಗಾಡಿ ಹೊರಡಿಸುವವನು. ಹಳೆಯ ಬೋಲ್ಟು ಕೈಯಲ್ಲಿ ಹಿಡಿದು ಡಬ್ಬಿಯಲ್ಲಿ ಕೈಯಾಡಿಸಿ, 'ಇದೇ ಸೈಜು' ಅಂತ ಇನ್ನೊಂದು ಎತ್ತಿ ಕೂರಿಸುವವನು. ಈ ಗುಣಕ್ಕೆ ನಾವು ಮರ್ಯಾದೆ ಕೊಡುತ್ತೇವೆ, ಕೊಡಲೂಬೇಕು. ರಾತ್ರಿ ಶಿರಾಡಿ ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗೆ ಅಂಥವನೇ ಬೇಕು. ವಿಮಾನದ ಹತ್ತಿರ ಬರುವಾಗ ಕೆಳಗಿಟ್ಟು ಬರಬೇಕಾದದ್ದು ಇದನ್ನೇ. ಯಾಕೆಂದು ಒಂದು ಘಟನೆ ಹೇಳುತ್ತೇನೆ.

1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸಿನ ಒಂದು ಬಿಎಸಿ ಒನ್-ಇಲೆವೆನ್ ವಿಮಾನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಗೆ ಹೊರಟಿತು. ಸುಮಾರು 17,300 ಅಡಿ ಎತ್ತರದಲ್ಲಿ ಕ್ಯಾಪ್ಟನ್ ಎದುರಿನ ಗಾಜು ಕಿತ್ತು ಹೋಯಿತು. ಒಳಗಿನ ಗಾಳಿಯ ಒತ್ತಡ ಕ್ಯಾಪ್ಟನ್ ಟಿಮ್ ಲಂಕಾಸ್ಟರ್ ಅವರ ಅರ್ಧ ದೇಹವನ್ನು ಹೊರಗೆ ತಳ್ಳಿತು. ಸಿಬ್ಬಂದಿ ಅವರ ಕಾಲು, ಸೊಂಟ ಬಿಗಿಹಿಡಿದುಕೊಂಡರು, ಸಹ ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ವಿಮಾನದಲ್ಲಿದ್ದ 87 ಜನರೂ, ಕ್ಯಾಪ್ಟನ್ ಸಹಿತ, ಬದುಕಿದರು.

ಆ ಗಾಜನ್ನು ಹೊಸದಾಗಿ ಹಾಕಿ ಒಂದು ದಿನ ದಾಟಿತ್ತು, ಅಷ್ಟೆ. ಹಾಕಿದವರು ಹೊಸಬರೇನಲ್ಲ, ಒಳ್ಳೆಯ ಹೆಸರಿದ್ದ, ವರ್ಷಗಳ ಅನುಭವವಿದ್ದ ಶಿಫ್ಟ್ ಮ್ಯಾನೇಜರ್. ನಡುರಾತ್ರಿ ಕಳೆದ ಹೊತ್ತು, ಜನ ಕಡಿಮೆ, ಅವರೇ ಕೆಲಸಕ್ಕಿಳಿದರು. ಬಿಚ್ಚಿದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ, ಡ್ರಾಯರುಗಳಲ್ಲಿ ಅದರ ಜೋಡಿ ಹುಡುಕಿದರು. ಬಿಡಿಭಾಗಗಳ ಪಟ್ಟಿ ತೆರೆದು ನಂಬರ್ ನೋಡಲಿಲ್ಲ. ಆ ಗಾಜಿಗೆ ಯಾವ ಬೋಲ್ಟು ಅಂತ ಸ್ಟೋರಿನವನು ಬಾಯಲ್ಲಿ ಹೇಳಿದರೂ, ಅವರು ಕೈಯಲ್ಲಿದ್ದುದನ್ನೇ ನಂಬಿದರು. 90 ಬೋಲ್ಟುಗಳಲ್ಲಿ 84 ಅಗತ್ಯಕ್ಕಿಂತ ಸಣಕಲು, ವ್ಯಾಸದಲ್ಲಿ 0.026 ಇಂಚು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಉಳಿದ ಆರು ಉದ್ದದಲ್ಲಿ ಗಿಡ್ಡ. ಅವರು ಬಳಸಿದ್ದು ಟಾರ್ಕ್ ಮಿತಿ ಮುಟ್ಟಿದಾಗ ಕ್ಲಿಕ್ ಅನ್ನುವ ಸ್ಕ್ರೂಡ್ರೈವರನ್ನೇ. ಆದರೆ ಸಣಕಲು ಬೋಲ್ಟು ಥ್ರೆಡ್ಡಿನಲ್ಲಿ ಜಾರಿದ್ದೂ ಕೈಗೆ ಕ್ಲಿಕ್ಕಿನಂತೆಯೇ ತಾಗಿತು. ಆ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂಬ ನಿಯಮ ಆಗ ಇರಲಿಲ್ಲ.

ಇದನ್ನು ನಾನು ತರಗತಿಯಲ್ಲಿ ಓದಿದಾಗ ಜೊತೆಯ ಹುಡುಗರು 'ಎಂಥ ಬೇಜವಾಬ್ದಾರಿ' ಅಂದರು. ನನಗೆ ಹಾಗನ್ನಿಸಲಿಲ್ಲ. ನನ್ನ ಮೇಸ್ತ್ರಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದ ಕೆಲಸ ಅದು. ಹಾಗೆ ಮಾಡಿದ್ದಕ್ಕೆ ಗಿರಾಕಿಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಇನ್ನೊಂದು ಉದಾಹರಣೆ ಪಂಕ್ಚರ್ ಅಂಗಡಿಯವರಿಗೆ. 1986ರ ಮಾರ್ಚ್ 31ರಂದು ಮೆಕ್ಸಿಕಾನಾ ಕಂಪನಿಯ ಬೋಯಿಂಗ್ 727 ಮೆಕ್ಸಿಕೊ ಸಿಟಿಯಿಂದ ಮೇಲೇರಿದ ಸ್ವಲ್ಪ ಹೊತ್ತಿನಲ್ಲಿ ಅದರ ಹೊಟ್ಟೆಯೊಳಗೆ ಮಡಚಿಟ್ಟಿದ್ದ ಚಕ್ರದ ಟಯರ್ ಸಿಡಿಯಿತು. ಬ್ರೇಕು ಹಿಡಿದುಕೊಂಡೇ ಇದ್ದುದರಿಂದ ಚಕ್ರ ಕಾದಿತ್ತು, ಟಯರಿನಲ್ಲಿ ನೈಟ್ರೋಜನ್ ಬದಲು ಮಾಮೂಲಿ ಗಾಳಿ ತುಂಬಿತ್ತು. ವಿಮಾನದಲ್ಲಿದ್ದ 167 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಏರ್‌ಬಸ್ ಎ320ರ ಮುಖ್ಯ ಚಕ್ರಗಳಲ್ಲಿ ಸುಮಾರು 200 ಪಿಎಸ್‌ಐ ಒತ್ತಡ ಇರುತ್ತದೆ. ನಿಮ್ಮ ಕಾರಿಗೆ ಮೂವತ್ತರ ಆಸುಪಾಸು. ಪೆಟ್ರೋಲ್ ಬಂಕಿನಲ್ಲಿ ನೈಟ್ರೋಜನ್ ಹಾಕಿಸಿಕೊಳ್ಳಿ ಅಂದಾಗ 'ಗಾಳಿಯೂ ಮುಕ್ಕಾಲು ಪಾಲು ನೈಟ್ರೋಜನ್ನೇ ಕಣಯ್ಯ' ಅಂತ ನಾವು ತಮಾಷೆ ಮಾಡುವುದುಂಟು. ಆ ಮಾತು ಕಾರಿಗೆ ಸಾಕು. ವಿಮಾನದ ಕಾದ ಚಕ್ರದಲ್ಲಿ ಉಳಿದ ಪಾಲಿನ ಆಮ್ಲಜನಕವೇ ರಬ್ಬರಿನ ಆವಿಗೆ ಬೆಂಕಿ ಕೊಡುತ್ತದೆ.

ಹಾಗಾಗಿ ಹ್ಯಾಂಗರಿನಲ್ಲಿ ಪಾನಾ ಹಿಡಿಯುವ ಮುಂಚೆ ಕಾಗದ ಹಿಡಿಯಬೇಕು. ಪ್ರತಿ ಕೆಲಸಕ್ಕೂ ಕೈಪಿಡಿಯ ಪುಟ ತೆಗೆಯಬೇಕು, ನಿನ್ನೆ ಮಾಡಿದ ಕೆಲಸವೇ ಆದರೂ, ಯಾಕೆಂದರೆ ನಿನ್ನೆ ರಾತ್ರಿ ಆ ಪುಟ ತಿದ್ದುಪಡಿ ಆಗಿರಬಹುದು. ಟಾರ್ಕ್ ವ್ರೆಂಚಿನ ಮೇಲೆ ಅದರ ಅಳತೆ ಪರೀಕ್ಷೆಯ ಗಡುವು ಬರೆದ ಚೀಟಿ ಇರುತ್ತದೆ, ದಿನಾಂಕ ದಾಟಿದ್ದರೆ ಮುಟ್ಟುವಂತಿಲ್ಲ. ಉಪಕರಣದ ಹಲಗೆಯ ಮೇಲೆ ಪ್ರತಿ ಪಾನಾದ ಆಕಾರ ಬರೆದಿರುತ್ತಾರೆ. ಶಿಫ್ಟ್ ಮುಗಿಯುವಾಗ ಒಂದು ಜಾಗ ಖಾಲಿ ಕಂಡರೆ, ಆ ಪಾನಾ ಸಿಗುವ ತನಕ ವಿಮಾನ ಕದಲುವುದಿಲ್ಲ. ಬಿಡಿಭಾಗಕ್ಕೆ ಜಾತಕವಿರುತ್ತದೆ: ಎಲ್ಲಿ ಹುಟ್ಟಿತು, ಯಾರು ಪರೀಕ್ಷಿಸಿದರು, ಎಷ್ಟು ಗಂಟೆ ಹಾರಿತು. ಬಿಡುಗಡೆ ಪತ್ರವಿಲ್ಲದ ಹೊಸ ಭಾಗ ಎಷ್ಟೇ ಹೊಳೆಯುತ್ತಿದ್ದರೂ ಗುಜರಿಗೇ ಸಮ. 'ಒರಿಜಿನಲ್ ಬೇಕಾ, ಲೋಕಲ್ ನಡೆಯುತ್ತಾ' ಅನ್ನುವ ಜೆ.ಸಿ. ರಸ್ತೆಯ ಪ್ರಶ್ನೆ ಇಲ್ಲಿ ಇಲ್ಲ ಅಂದುಕೊಳ್ಳಬೇಡಿ. ಲಂಡನ್ನಿನ ಎಒಜಿ ಟೆಕ್ನಿಕ್ಸ್ ಎಂಬ ಕಂಪನಿ ಸುಳ್ಳು ಪತ್ರಗಳೊಡನೆ ಎಂಜಿನ್ ಬಿಡಿಭಾಗ ಮಾರುತ್ತಿದ್ದುದು 2023ರಲ್ಲಿ ಬಯಲಾಗಿ, ಹಲವು ದೇಶಗಳ ವಿಮಾನ ಕಂಪನಿಗಳು ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

ಕೊನೆಗೆ ಸಹಿ. ಕೆಲಸ ಮುಗಿದ ಮೇಲೆ 'ಈ ವಿಮಾನ ಹಾರಾಟಕ್ಕೆ ಯೋಗ್ಯ' ಎಂದು ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರೇ ಲೈಸೆನ್ಸ್ ಪಡೆದ ಎಂಜಿನಿಯರ್, ಅಂದರೆ ಎಎಂಇ. ಸಂಬಳ ಕೊಡುವುದು ಮುಖ್ಯವಾಗಿ ಆ ಸಹಿಗೆ. ನಿಮಗಿಂತ ಚುರುಕಾಗಿ ಪಾನಾ ತಿರುಗಿಸುವ ಟೆಕ್ನಿಷಿಯನ್ ಪಕ್ಕದಲ್ಲೇ ಇರುತ್ತಾನೆ, ಅವನಿಗೆ ನಿಮಗಿಂತ ಕಡಿಮೆ ಸಿಗುತ್ತದೆ. ಏನಾದರೂ ಎಡವಟ್ಟಾದರೆ ಮೊದಲು ತೆರೆಯುವುದೂ ಆ ಪುಟವನ್ನೇ. ಬೆಳಿಗ್ಗೆ ಆರರ ವಿಮಾನಕ್ಕೆ ಜನ ಸಾಲುಗಟ್ಟಿರುವಾಗ, ಮೇಲಿನವರು ಮೂರು ಸಲ ಫೋನ್ ಮಾಡಿರುವಾಗ, 'ಇಲ್ಲ, ಸಹಿ ಹಾಕಲ್ಲ' ಅನ್ನುವ ಗಟ್ಟಿತನ ಬೇಕು. ಅದಕ್ಕೆ ಎಂಜಿನ್ ಜ್ಞಾನದಷ್ಟೇ ಸ್ವಭಾವವೂ ಬೇಕು. ಗಿರಾಕಿಯ ಮುಖ ನೋಡಿ ಕರಗುವವರು ಒಮ್ಮೆ ಯೋಚಿಸಿ.

ಇನ್ನು ದಾರಿಯ ಮಾತು. ನಮ್ಮ ದೇಶದಲ್ಲಿ ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯ. ಲೈಸೆನ್ಸಿನ ನಿಯಮದ ಹೆಸರು ಸಿಎಆರ್ 66. ಹ್ಯಾಂಗರಿನಲ್ಲಿ ಎಲ್ಲರೂ ಅದನ್ನು 'ಕಾರ್ ಸಿಕ್ಸ್ಟಿಸಿಕ್ಸ್' ಅಂತಲೇ ಕರೆಯುತ್ತಾರೆ. ಗ್ಯಾರೇಜಿನಿಂದ ಬಂದವನಿಗೆ ನಗು ಬರುತ್ತದೆ. ಲೈಸೆನ್ಸಿನಲ್ಲಿ ವರ್ಗಗಳಿವೆ. 'ಎ' ವರ್ಗ ಸಣ್ಣಪುಟ್ಟ, ನಿಗದಿತ ಕೆಲಸಗಳಿಗೆ, ಅದೂ ತಾನೇ ಮಾಡಿದ ಕೆಲಸಕ್ಕೆ ಮಾತ್ರ ಸಹಿ. ಎಂಜಿನ್, ಚಕ್ರ, ಹೈಡ್ರಾಲಿಕ್ಸ್, ಮೈಕಟ್ಟು ಎಲ್ಲ 'ಬಿ1'. ಜೆಟ್ ಮತ್ತು ಟರ್ಬೊಪ್ರಾಪ್ ವಿಮಾನಕ್ಕೆ ಬಿ1.1, ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಕ್ಕೆ ಬಿ1.2. ರೇಡಿಯೊ, ಆಟೊಪೈಲಟ್, ಕಾಕ್‌ಪಿಟ್ಟಿನ ಎಲೆಕ್ಟ್ರಾನಿಕ್ಸ್ 'ಬಿ2'. ಆಟೊ ಎಲೆಕ್ಟ್ರಿಷಿಯನ್ ಗೆಳೆಯರು ಈ ಕೊನೆಯದನ್ನು ಗಮನಿಸಬೇಕು. ವೈರಿಂಗ್ ಡಯಾಗ್ರಮ್ ಹಿಡಿದು ಶಾರ್ಟ್ ಹುಡುಕುವ ತಾಳ್ಮೆ ಇದ್ದವರಿಗೆ ಅದು ಹೇಳಿಮಾಡಿಸಿದ ಜಾಗ, ಆದರೂ ಎಲ್ಲರೂ ಬಿ1.1ರ ಹಿಂದೆಯೇ ಓಡುತ್ತಾರೆ. ಪಿಸ್ಟನ್ ಎಂಜಿನ್ ನಿಮಗೆ ಗೊತ್ತಿರುವುದರಿಂದ ಬಿ1.2 ಸುಲಭ ಅನ್ನಿಸುತ್ತದೆ, ಹೌದು. ಆದರೆ ಆ ಕೆಲಸ ಇರುವುದು ಹೆಚ್ಚಾಗಿ ಹಾರಾಟ ಕಲಿಸುವ ಶಾಲೆಗಳಲ್ಲಿ, ಜಾಗಗಳು ಕಡಿಮೆ.

ಪರೀಕ್ಷೆಗಳು ಮಾಡ್ಯೂಲುಗಳಾಗಿ ಬರುತ್ತವೆ. ಗಣಿತ, ಭೌತಶಾಸ್ತ್ರ, ವಿದ್ಯುತ್ತು, ಲೋಹ ಮತ್ತು ಬಿಡಿಸಾಮಾನು, ಕೆಲಸದ ವಿಧಾನ, ವಾಯುಚಲನೆ, ಕಾನೂನು, ಗ್ಯಾಸ್ ಟರ್ಬೈನ್ ಹೀಗೆ. ಪಾಸಾಗಲು ನೂರಕ್ಕೆ 75 ಬೇಕು, ಎಸ್ಸೆಸ್ಸೆಲ್ಸಿಯ ಪಾಸ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂಬತ್ತನೇ ಮಾಡ್ಯೂಲ್ ಮನುಷ್ಯ ಹೇಗೆ ತಪ್ಪುತ್ತಾನೆ ಅನ್ನುವುದರ ಬಗ್ಗೆ. ಕೆನಡಾದಲ್ಲಿ 1990ರ ದಶಕದಲ್ಲಿ ಗಾರ್ಡನ್ ಡುಪಾಂಟ್ ಪಟ್ಟಿ ಮಾಡಿದ ಹನ್ನೆರಡು ಕಾರಣಗಳು ಅದರಲ್ಲಿ ಬರುತ್ತವೆ: ದಣಿವು, ಒತ್ತಡ, ಅತಿಯಾದ ಆತ್ಮವಿಶ್ವಾಸ, 'ಇಲ್ಲಿ ಎಲ್ರೂ ಹೀಗೇ ಮಾಡೋದು' ಅನ್ನುವ ರೂಢಿ. ಉಳಿದವು ಕಷ್ಟವಾದರೂ ಪರವಾಗಿಲ್ಲ, ಈ ಒಂದನ್ನು ಗ್ಯಾರೇಜಿನಲ್ಲಿ ಇರುವವರೂ ಓದಬೇಕು ಅಂತ ನನ್ನ ಆಸೆ.

ಅಡ್ಡಗಾಲು ಹಾಕುವುದು ಓದಿನ ಅರ್ಹತೆ. ಮಾನ್ಯತೆ ಪಡೆದ ತರಬೇತಿ ಶಾಲೆಗೆ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು, ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ. ಆಟೊಮೊಬೈಲ್ ಡಿಪ್ಲೊಮಾ ಮಾಡಿದವರಿಗೆ ಬಾಗಿಲು ತೆರೆದೇ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ ಆ ಬಾಗಿಲಿಗೆ ಬರಬಹುದು. ಸುತ್ತುದಾರಿ, ಆದರೆ ಗಟ್ಟಿ ದಾರಿ. ಐಟಿಐ ಮೇಲೆಯೇ ಹ್ಯಾಂಗರುಗಳಲ್ಲಿ ಟೆಕ್ನಿಷಿಯನ್ ಆಗಿ ಸೇರುವವರೂ ಇದ್ದಾರೆ. ಲೈಸೆನ್ಸ್ ಇಲ್ಲದೆಯೂ ಅದು ಮರ್ಯಾದೆಯ ಕೆಲಸ. ಎಸ್ಸೆಸ್ಸೆಲ್ಸಿಯೂ ಇಲ್ಲದ ಹೆಲ್ಪರ್ ತಮ್ಮಂದಿರೇ, ಮೊದಲು ಅದನ್ನು ಮುಗಿಸಿ. 'ಸರ್ಟಿಫಿಕೇಟ್ ಬೇಡ, ನಾವು ಮಾಡಿಸ್ತೀವಿ' ಅನ್ನುವ ಏಜೆಂಟನಿಗೆ ಚಹಾ ಕುಡಿಸಿ ಕಳಿಸಿಬಿಡಿ.

ಕಾರಿನ ಮೇಲೆ ಹದಿನೈದು ವರ್ಷ ದುಡಿದಿದ್ದರೂ ಅದು ಲೈಸೆನ್ಸಿನ ಅನುಭವದ ಲೆಕ್ಕಕ್ಕೆ ಸೇರುವುದಿಲ್ಲ. ಇದನ್ನು ಕೇಳಿ ಬೇಸರಪಟ್ಟುಕೊಂಡು ಫೋನ್ ಇಟ್ಟವರಿದ್ದಾರೆ. ಹಾರಾಟದಲ್ಲಿರುವ ವಿಮಾನದ ಮೇಲೆ ಮಾಡಿದ ಕೆಲಸವೇ ಬೇಕು. ಬಿ1.1ಕ್ಕೆ ಮಾನ್ಯ ಕೋರ್ಸ್ ಮುಗಿಸಿದವರಿಗೆ ಎರಡು ವರ್ಷ, ಯಾವ ತಾಂತ್ರಿಕ ತರಬೇತಿಯೂ ಇಲ್ಲದವರಿಗೆ ಐದು. ನಡುವೆ, ಸಂಬಂಧಪಟ್ಟ ತಾಂತ್ರಿಕ ತರಬೇತಿ ಇದೆ ಎಂದು ಡಿಜಿಸಿಎ ಒಪ್ಪಿದರೆ ಮೂರು. ನಿಯಮ ಆಗಾಗ ತಿದ್ದುಪಡಿ ಆಗುವುದರಿಂದ ಡಿಜಿಸಿಎ ಜಾಲತಾಣದ ಸಿಎಆರ್ 66ನ್ನೇ ಓದಿ, ನನ್ನ ಪತ್ರವನ್ನೂ ಪೂರಾ ನಂಬಬೇಡಿ. ಇಷ್ಟೆಲ್ಲ ಆಗಿ ಲೈಸೆನ್ಸ್ ಕೈಗೆ ಬಂದ ಮೇಲೆ ದೊಡ್ಡ ವಿಮಾನಕ್ಕೆ ಸಹಿ ಹಾಕಲು ಆ ಮಾದರಿಯದೇ ಪ್ರತ್ಯೇಕ ಅರ್ಹತೆ, ಟೈಪ್ ರೇಟಿಂಗ್, ಬೇಕು. ಎ320ರದ್ದು ಇದ್ದರೆ ಬೋಯಿಂಗ್ 737ಕ್ಕೆ ನಡೆಯುವುದಿಲ್ಲ. ಅದರ ಮೇಲೆ ಕಂಪನಿಯ ಅನುಮತಿ. ಟೈಪ್ ರೇಟಿಂಗ್ ಲಕ್ಷಗಳ ಬಾಬತ್ತು. ಕಂಪನಿ ಮಾಡಿಸಿದರೆ ಸಾಮಾನ್ಯವಾಗಿ ಬಾಂಡ್ ಬರೆಸಿಕೊಳ್ಳುತ್ತದೆ.

ದುಡ್ಡಿನ ವಿಷಯದಲ್ಲಿ ಕಾಲೇಜುಗಳ ಜಾಹೀರಾತಿಗಿಂತ ನಿಮ್ಮ ಅನುಮಾನವನ್ನು ನಂಬಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಮಾಲೀಕನ ಮಾತು ಕೇಳದೆ ಚಾಸಿ ಕೆಳಗೆ ಟಾರ್ಚ್ ಹಾಕುವವರು ನೀವು, ಇಲ್ಲೂ ಹಾಕಿ. ಶಾಲೆಗೆ ಸಿಎಆರ್ 147ರ, ಅಂದರೆ ತರಬೇತಿ ಶಾಲೆಗಳ ನಿಯಮದ, ಅನುಮತಿ ಇದೆಯೇ, ಯಾವ ವರ್ಗಕ್ಕೆ, ಎಲ್ಲಿಯ ತನಕ? ಪ್ರಾಯೋಗಿಕ ತರಬೇತಿ ಹಾರುವ ವಿಮಾನದ ಮೇಲೋ, ಅಂಗಳದಲ್ಲಿ ಹುಲ್ಲು ಬೆಳೆದ ಹಳೆಯ ಒಡಲಿನ ಮೇಲೋ? ಯಾವ ಹ್ಯಾಂಗರಿನ ಜೊತೆ ಲಿಖಿತ ಒಪ್ಪಂದವಿದೆ, ಕಾಗದ ತೋರಿಸುತ್ತಾರೆಯೇ? ಹಿಂದಿನ ಬ್ಯಾಚಿನಲ್ಲಿ ಎಷ್ಟು ಮಂದಿ ಎಲ್ಲ ಮಾಡ್ಯೂಲ್ ಪಾಸಾದರು, ಅವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತಾರೆಯೇ? 'ನೂರಕ್ಕೆ ನೂರು ಕೆಲಸ ಗ್ಯಾರಂಟಿ' ಅಂದರೆ ಎದ್ದು ಬನ್ನಿ. ಕೋರ್ಸು ಮುಗಿಸಿ ಮಾಡ್ಯೂಲ್ ಬಾಕಿ ಉಳಿದು, ಹ್ಯಾಂಗರ್ ಸಿಗದೆ, ಇನ್ಯಾವುದೋ ಕೆಲಸಕ್ಕೆ ಸೇರಿದವರನ್ನು ನಾನು ಬಲ್ಲೆ.

ಇಂಗ್ಲಿಷ್ ಅಂದರೆ ಹೆದರುವವರಿಗೆ ಒಂದು ಸಮಾಧಾನ ಇದೆ. ಲೈಸೆನ್ಸಿಗೆ ಇಂಗ್ಲಿಷ್ ಓದಲು, ಬರೆಯಲು ಬರಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಕೈಪಿಡಿಗಳ ಇಂಗ್ಲಿಷ್ ಸಿನಿಮಾದ ಇಂಗ್ಲಿಷಲ್ಲ. ಜಗತ್ತಿನ ನಮ್ಮಂಥ ಮೆಕ್ಯಾನಿಕ್ಕುಗಳಿಗಾಗಿಯೇ ಯುರೋಪಿನ ವಿಮಾನ ಉದ್ಯಮದವರು ಅದನ್ನು ಕತ್ತರಿಸಿ ಕಟ್ಟಿದ್ದಾರೆ. ಆ ಸರಳ ಇಂಗ್ಲಿಷಿನ ನಿಯಮಗಳ ಮೊದಲ ಆವೃತ್ತಿ ಬಂದದ್ದು 1986ರಲ್ಲಿ. ಒಪ್ಪಿತ ಸಾಮಾನ್ಯ ಪದಗಳು ಸುಮಾರು 900, ಆದಷ್ಟೂ ಒಂದು ಪದಕ್ಕೆ ಒಂದೇ ಅರ್ಥ, ಕೆಲಸ ಹೇಳುವ ವಾಕ್ಯ 20 ಪದ ಮೀರಬಾರದು. ಇದರ ಜೊತೆಗೆ ಬರುವ ಬಿಡಿಭಾಗಗಳ ಹೆಸರುಗಳು ನಿಮಗೆ ಈಗಾಗಲೇ ಗೊತ್ತು: ಗ್ಯಾಸ್ಕೆಟ್, ಬುಷ್, ಸೀಲ್, ಶಿಮ್, ಲಾಕ್ ವೈರ್. ಇಂಗ್ಲಿಷ್ ಮೀಡಿಯಮ್ಮಿನ ಹುಡುಗ ಇವನ್ನೆಲ್ಲ ಚಿತ್ರ ನೋಡಿ ಕಲಿಯಬೇಕು.

ಮನೆಯವರಿಗೂ ಒಂದು ಮಾತು ಮೊದಲೇ ಹೇಳಿ. ವಿಮಾನಗಳು ಹಗಲು ಹಾರುತ್ತವೆ, ರಾತ್ರಿ ನಮ್ಮ ಕೈಗೆ ಸಿಗುತ್ತವೆ. ಹಬ್ಬದ ದಿನಗಳಲ್ಲಿ ಕೆಲಸ ಇನ್ನೂ ಜಾಸ್ತಿ. ಡ್ಯೂಟಿಗೆ ಬಂದವರ ಬಾಯಿ ಊದಿಸಿ ಮದ್ಯ ಪರೀಕ್ಷೆ ಮಾಡುವುದುಂಟು. ಹೈಡ್ರಾಲಿಕ್ ದ್ರವ ಸಾಮಾನ್ಯವಾಗಿ 3,000 ಪಿಎಸ್‌ಐಯಲ್ಲಿ ಓಡುತ್ತದೆ, ನೇರಳೆ ಬಣ್ಣ. ಚರ್ಮ ಉರಿಸುತ್ತದೆ, ಕಣ್ಣಿಗೆ ಬಿದ್ದರೆ ಹೇಳುವುದೇ ಬೇಡ. ಬ್ರೇಕ್ ಆಯಿಲ್ ಒರೆಸಿಕೊಂಡ ಹಾಗೆ ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನಿರುವಂತಿಲ್ಲ.

ಯಾರು ಬರಬೇಕು ಅಂತ ನನ್ನನ್ನು ಕೇಳಿದರೆ: ಇಪ್ಪತ್ತೈದರ ಒಳಗಿನವರು, ಡಿಪ್ಲೊಮಾ ಅಥವಾ ಸೈನ್ಸ್ ಪಿಯುಸಿ ಇರುವವರು, ನಾಲ್ಕೈದು ವರ್ಷ ಕೈಯಲ್ಲಿ ಕಾಸಾಡದಿದ್ದರೂ ಮನೆ ನಡೆಯುವವರು ಧೈರ್ಯವಾಗಿ ಬನ್ನಿ. ಮೂವತ್ತೈದು ದಾಟಿ, ಸ್ವಂತ ಶೆಡ್ ಇದ್ದು, ಸಾಲದ ಕಂತು ಕಟ್ಟುತ್ತಿರುವವರಿಗೆ ನಾನು ಬೇಡ ಅನ್ನುತ್ತೇನೆ. ಆ ದುಡ್ಡಿನಲ್ಲಿ ಒಳ್ಳೆಯ ಸ್ಕ್ಯಾನರ್ ಕೊಂಡು, ಎಲೆಕ್ಟ್ರಿಕ್ ಗಾಡಿಯ ಹೈ ವೋಲ್ಟೇಜ್ ಕೆಲಸ ಕಲಿತರೆ ಅದು ಹೆಚ್ಚು ಬುದ್ಧಿವಂತಿಕೆ. ಇದನ್ನು ಹೇಳಿದ್ದಕ್ಕೆ ನನ್ನ ಮೇಲೆ ಸಿಟ್ಟಾದ ಗೆಳೆಯರಿದ್ದಾರೆ, ಆಗಲಿ.

ಮೇಸ್ತ್ರಿಗಳೇ, ಕೊನೆಯ ಮಾತು ನಿಮಗೆ. ನಿಮ್ಮ ಹುಡುಗ ಈ ಕಡೆ ಬರುತ್ತೇನೆ ಅಂದರೆ ಅನುಭವ ಪತ್ರದಲ್ಲಿ ಇಲ್ಲದ ವರ್ಷ ಸೇರಿಸಿ ಬರೆದುಕೊಡಬೇಡಿ. ಇಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಸುಳ್ಳು ಕಾಗದದ ಅಭ್ಯಾಸ ಮಾತ್ರ ಅವನ ಜೊತೆ ಬರುತ್ತದೆ. ಬದಲಿಗೆ ಪರೀಕ್ಷೆ ಹತ್ತಿರವಾದಾಗ ಸಂಜೆ ಆರಕ್ಕೆ ಅವನನ್ನು ಬಿಟ್ಟುಬಿಡಿ. ಹೆಡ್ ಬೋಲ್ಟ್ ಕಟ್ಟುವಾಗ ಕೈ ಅಂದಾಜಿನ ಬದಲು ಟಾರ್ಕ್ ವ್ರೆಂಚ್ ಕೊಡಿ, ಎಷ್ಟಕ್ಕೆ ಕಟ್ಟಿದ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ, ಕೆಳಗೆ ಅವನ ಸಹಿ ಹಾಕಿಸಿ. ಶೆಡ್ಡಿನಲ್ಲಿ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಈ ತಿಂಗಳು ಒಂದು ಕೊಳ್ಳಿ, ಕಾರಿನವರಿಗೂ ಒಳ್ಳೆಯದೇ.

ಇಂತಿ ನಿಮ್ಮವನೇ,
ಮೊದಲು ಗ್ಯಾರೇಜಿನಲ್ಲಿದ್ದ, ಈಗ ಹ್ಯಾಂಗರಿನಲ್ಲಿರುವ ಒಬ್ಬ ಎಎಂಇ